ಗಿಡ್ಡ ಕೋವಿಗೆ ಯಾವ ಸೈಟು ಲೇಸು?

“ಮೇಷ್ಟ್ರೇ, ಕೋವಿ ಕೆಟ್ಟಿದೆಯೋ, ನನ್ನ ಕೈ ಕೆಟ್ಟಿದೆಯೋ, ನೀವೇ ಒಂದು ಸಲ ನೋಡಿ ಹೇಳಿ” ಎಂದು ಪಕ್ಕದೂರಿನ ಗೌಡರು ಮಳೆಗಾಲ ಮುಗಿದ ಮೇಲೆ ನನ್ನನ್ನು ಕರೆಸಿಕೊಂಡರು. ಅವರ ತಂದೆಯವರು ಬಿಟ್ಟುಹೋದ ಗಿಡ್ಡ ನಳಿಗೆಯ .22 ಕೋವಿಯೊಂದು ಅವರ ಮನೆಯಲ್ಲಿದೆ. ಲೈಸೆನ್ಸನ್ನು ಕ್ರಮವಾಗಿ ತಮ್ಮ ಹೆಸರಿಗೆ ಮಾಡಿಸಿಕೊಂಡು, ಬಂದೂಕು ಸಂಘವೊಂದರ ಸದಸ್ಯರಾಗಿ, ಅಲ್ಲಿನ ಮೈದಾನದಲ್ಲಿ ತಿಂಗಳಿಗೊಮ್ಮೆ ಗುರಿ ಅಭ್ಯಾಸ ಮಾಡುವವರು ಅವರು. ತಂದೆಯ ಕೈಯಲ್ಲಿ ನಿಂಬೆಹಣ್ಣಿಗೆ ತಪ್ಪದ ಕೋವಿ ಮಗನ ಕೈಯಲ್ಲಿ ಕುಂಬಳಕಾಯಿಗೂ ತಪ್ಪತೊಡಗಿತ್ತು. “ಇದನ್ನು ಮಾರಿ ಹೊಸದು ಕೊಳ್ಳಲೇ, ಇಲ್ಲವೇ ಇದಕ್ಕೇ ಒಳ್ಳೆಯ ದುರ್ಬೀನು ಹಾಕಿಸಲೇ?” ಎಂಬುದು ಅವರ ಪ್ರಶ್ನೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ. ಆಡದಿದ್ದುದೇ ಒಳ್ಳೆಯದಾಯಿತು, ಏಕೆಂದರೆ ತಪ್ಪು ಕೈಯದೂ ಆಗಿರಲಿಲ್ಲ, ಕೋವಿಯದೂ ಆಗಿರಲಿಲ್ಲ. ಶಾಲೆಯ ಎನ್.ಸಿ.ಸಿ. ಮಕ್ಕಳ ಜತೆ ಗುರಿ ಮೈದಾನಕ್ಕೆ ಹೋಗಿಬಂದು ನನಗೆ ತಿಳಿದ ಅಷ್ಟಿಷ್ಟನ್ನೂ, ಗೌಡರ ಕೋವಿಯಿಂದ ಕಲಿತದ್ದನ್ನೂ ವಾಚಕರ ಮುಂದಿಡುತ್ತೇನೆ. ಮಕ್ಕಳಿಗೆ ಏರ್‌ಗನ್ ಕೊಡಿಸಿ ಗುರಿ ಕಲಿಸಬೇಕೆಂದಿರುವವರಿಗೂ ಇದೇ ಲೆಕ್ಕ ಸಲ್ಲುತ್ತದೆ.

ಮೊದಲು ಕಾನೂನಿನ ಮಾತು

ನಮ್ಮ ನೀಲಗಿರಿಗೂ ಕೋವಿಗೂ ಹಳೆಯ ನಂಟು. ಬೇಟೆಗೆ ಮಿತಿ ಹಾಕಲೆಂದು 1877ರಲ್ಲೇ ಇಲ್ಲಿ ಒಂದು ಸಂಘ ಹುಟ್ಟಿತು. 1879ರಲ್ಲಿ ಮದರಾಸು ಸರ್ಕಾರ ನೀಲಗಿರಿಗೆಂದೇ ಬೇಟೆ ಮತ್ತು ಮೀನುಗಳ ರಕ್ಷಣೆಯ ಕಾಯಿದೆ ತಂದಿತು. ಆ ಕಾಲ ಹೋಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕಾಡುಹಂದಿ, ಜಿಂಕೆ, ಮೊಲಗಳ ಮೇಲೆ ನಾವಾಗಿ ಕೋವಿ ಎತ್ತುವಂತಿಲ್ಲ. ಬೆಳೆಗೆ ಹಾನಿಯಾದರೂ ಅಧಿಕಾರವುಳ್ಳವರ ಲಿಖಿತ ಅಪ್ಪಣೆ ಬೇಕು. 2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಕಾಡುಹಂದಿಯ ವಿಷಯದಲ್ಲಿ ಮಾಡಿದ ಏರ್ಪಾಟಿನಲ್ಲೂ ಗುಂಡು ಹಾರಿಸುವ ಕೆಲಸ ರೈತನದಲ್ಲ, ಇಲಾಖೆಯ ಸಿಬ್ಬಂದಿಯದು. ಅದೂ ಮೀಸಲು ಕಾಡಿನಿಂದ 3 ಕಿಲೋಮೀಟರಿಗಿಂತ ಆಚೆ ಮಾತ್ರ. ಮಸಿನಗುಡಿ, ಮಾವನಹಳ್ಳ, ಬೊಕ್ಕಾಪುರದಲ್ಲಿ ಕಾಡಿನಿಂದ ಅಷ್ಟು ದೂರದ ಹೊಲ ಯಾರಿಗಿದೆ?

ಅಭಯಾರಣ್ಯದ ಸುತ್ತ 10 ಕಿಲೋಮೀಟರಿನೊಳಗೆ ವಾಸಿಸುವವರಿಗೆ ಅದೇ ಕಾಯಿದೆಯ 34ನೆಯ ಕಲಮು ಇನ್ನೊಂದು ಕಟ್ಟು ಹಾಕಿದೆ. ಲೈಸೆನ್ಸುಳ್ಳವರು ಕೋವಿಯನ್ನು ವನ್ಯಜೀವಿ ಅಧಿಕಾರಿಗಳಲ್ಲಿ ದಾಖಲು ಮಾಡಿಸಿರಬೇಕು. ರಾಜ್ಯದ ಮುಖ್ಯ ವನ್ಯಜೀವಿ ಪಾಲಕರ ಒಪ್ಪಿಗೆಯಿಲ್ಲದೆ ಅಲ್ಲಿ ಹೊಸ ಲೈಸೆನ್ಸು ಕೊಡುವಂತಿಲ್ಲ. ಮುದುಮಲೆಯ ಅಂಚಿನಲ್ಲಿರುವ ನಮ್ಮವರು ಇದನ್ನು ಮರೆಯಬಾರದು.

ಇನ್ನು .22 ತೋಟಾದ ಬಲವನ್ನೂ ತಿಳಿಯಬೇಕು. ಇದರ ಗುಂಡು 40 ಗ್ರೇನಿನದು, ಎಂದರೆ ಎರಡೂವರೆ ಗ್ರಾಮಿಗಿಂತ ತುಸು ಹೆಚ್ಚು. ತೋಟಾದ ಹಿಂಬದಿಯ ಅಂಚಿನ ಒಳಗೇ ಕಿಡಿಮದ್ದು ಇರುವುದರಿಂದ ಇದಕ್ಕೆ ರಿಮ್‌ಫೈರ್ ಎಂಬ ಹೆಸರು. ಇಷ್ಟು ಸಣ್ಣ ಗುಂಡು ಹಂದಿಯನ್ನು ಕೊಲ್ಲುವುದಿಲ್ಲ, ಗಾಯಗೊಳಿಸುತ್ತದೆ. ಗಾಯಗೊಂಡ ಹಂದಿ ಮಾರನೆಯ ಬೆಳಿಗ್ಗೆ ಹೊಲಕ್ಕೆ ಹೋಗುವ ಹೆಣ್ಣುಮಗಳ ಮೇಲೆ ಬೀಳುತ್ತದೆ. ಎಂಥ ಸೈಟು ಹಾಕಿಸಿದರೂ ಈ ಮಾತು ಬದಲಾಗುವುದಿಲ್ಲ. ಆದುದರಿಂದ ಈ ಲೇಖನ ಕಾಗದದ ಗುರಿಗೆ, ಸ್ಪರ್ಧೆಯ ಗುರಿಗೆ ಮಾತ್ರ ಎಂದು ತಿಳಿಯತಕ್ಕದ್ದು. ಕೊಡಗಿನಲ್ಲಿ ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ತೋಕ್‌ಪೂ ಮುಡಿಸಿ ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಸುತ್ತಾರಲ್ಲ, ಅದು ಕೋವಿಗೆ ಒಪ್ಪುವ ಕೆಲಸ.

ಗಿಡ್ಡ ಕೋವಿಯ ಲೆಕ್ಕ

ಕೋವಿಯ ಸೈಟೆಂದರೆ ಎರಡು ಭಾಗ. ನಳಿಗೆಯ ತುದಿಯಲ್ಲಿ ಒಂದು ಸಣ್ಣ ಮೊನೆ. ಕಣ್ಣಿನ ಕಡೆಗೆ ಒಂದು ಕಚ್ಚು. ಎನ್.ಸಿ.ಸಿ. ಹುಡುಗರು ಇವನ್ನು ಫೋರ್‌ಸೈಟು, ಬ್ಯಾಕ್‌ಸೈಟು ಎನ್ನುತ್ತಾರೆ. ಕಚ್ಚಿನ ನಡುವೆ ಮೊನೆಯನ್ನು ನಿಲ್ಲಿಸಿ, ಮೊನೆಯ ಮೇಲೆ ಗುರಿಯನ್ನು ಕೂರಿಸಿದರೆ ನೇರವಾಯಿತು. ಮೊನೆಗೂ ಕಚ್ಚಿಗೂ ಇರುವ ಅಂತರವೇ ಎಲ್ಲಕ್ಕೂ ಮೂಲ.

ಎಂಟನೆಯ ತರಗತಿಯ ಹುಡುಗನೂ ಮಾಡಬಲ್ಲ ಲೆಕ್ಕವಿದು. ಗೌಡರ ಕೋವಿಯಲ್ಲಿ ಕಚ್ಚು ನಳಿಗೆಯ ಮಧ್ಯದಲ್ಲಿದೆ. ಅಲ್ಲಿಂದ ಮೊನೆಗೆ ಸರಿಯಾಗಿ 1 ಅಡಿ. ಗುರಿ 50 ಗಜ, ಎಂದರೆ 150 ಅಡಿ ದೂರ. ಮೊನೆಯನ್ನು ಕಚ್ಚಿನ ನಡುವಿನಿಂದ 1 ಮಿಲಿಮೀಟರು ಆಚೆ ಹಿಡಿದರೆ ಗುರಿಯಲ್ಲಿ 150 ಮಿಲಿಮೀಟರು, ಎಂದರೆ 6 ಅಂಗುಲ ತಪ್ಪು. ಅಂತರ 20 ಅಂಗುಲವಾದರೆ ಅದೇ 1 ಮಿಲಿಮೀಟರಿಗೆ ತಪ್ಪು 90 ಮಿಲಿಮೀಟರು. ಅಂತರ 2 ಅಡಿಯಾದರೆ 75. ಉದ್ದ ಕೋವಿ ಹೊಡೆಯುವವನ ತಪ್ಪನ್ನು ಅರ್ಧ ಕ್ಷಮಿಸುತ್ತದೆ. ಗಿಡ್ಡ ಕೋವಿ ಕ್ಷಮಿಸುವುದಿಲ್ಲ. ಹೊತ್ತು ನಡೆಯಲು ಹಗುರ, ಮೂಲೆಯಲ್ಲಿಡಲು ಸುಲಭ ಎಂದು ಗಿಡ್ಡದನ್ನು ಕೊಂಡವರು ಈ ತೆರಿಗೆ ಕಟ್ಟಲೇಬೇಕು. ಹಾಗೆಂದು ಉದ್ದ ಕೋವಿಯ ನಳಿಗೆಯನ್ನು ಕುಯ್ದು ಗಿಡ್ಡ ಮಾಡಿಸುವುದು 1959ರ ಶಸ್ತ್ರ ಕಾಯಿದೆಯ ಪ್ರಕಾರ ಅಪರಾಧ ಎಂಬುದೂ ನೆನಪಿರಲಿ.

ನಲವತ್ತು ದಾಟಿದ ಕಣ್ಣು

ಆದರೆ ಇದೇ ಕೋವಿ ತಂದೆಗೆ ಹೇಗೆ ಸರಿಬಂತು? ಆ ಕಾಲದಲ್ಲಿ ತಂದೆಯ ವಯಸ್ಸೆಷ್ಟು ಎಂದು ಕೇಳಿದೆ. ಮೂವತ್ತರ ಆಚೀಚೆ ಎಂದರು. ಗೌಡರಿಗೆ ಈಗ ನಲವತ್ತೇಳು. ಉತ್ತರ ಅಲ್ಲೇ ಇತ್ತು.

ಗುರಿ ಹಿಡಿಯುವವನ ಕಣ್ಣು ಮೂರು ದೂರದ ವಸ್ತುಗಳನ್ನು ನೋಡಬೇಕು: ಹತ್ತಿರದ ಕಚ್ಚು, ಅದರಾಚೆಯ ಮೊನೆ, ಎಷ್ಟೋ ಗಜದಾಚೆಯ ಗುರಿ. ಯಾವ ಕಣ್ಣಿಗೂ ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ಕಾಣಲಾಗದು. ಎಳೆಯ ಕಣ್ಣಿನ ಮಸೂರ ಮೆತ್ತಗಿದ್ದು ಕ್ಷಣಕ್ಕೊಮ್ಮೆ ಉಬ್ಬಿ ತಗ್ಗಿ ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. ನಲವತ್ತರ ಮೇಲೆ ಮಸೂರ ಗಡುಸಾಗುತ್ತದೆ. ಪಂಚಾಂಗವನ್ನು ತೋಳುದ್ದ ಹಿಡಿದು ಓದುವ ವಯಸ್ಸು ಎಂದರೆ ಕೋವಿಯ ಕಚ್ಚು ಮಂಜಾಗುವ ವಯಸ್ಸು. ಕಚ್ಚಿನ ಅಂಚು ಮಂಜಾದರೆ ಅದರ ನಡು ಯಾವುದೆಂದು ಗೊತ್ತಾಗದು. ಅಲ್ಲಿ 1 ಮಿಲಿಮೀಟರು ತಪ್ಪಿತು, ಅಲ್ಲಿ 6 ಅಂಗುಲ ಹೋಯಿತು.

ಇದಕ್ಕೆ ಪರಿಹಾರವನ್ನು ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಒಂದು ಹಳೆಯ ಪೋಸ್ಟ್ ಕಾರ್ಡಿಗೆ ದಬ್ಬಳದಿಂದ ಸಣ್ಣ ತೂತು ಮಾಡಿ. ಕನ್ನಡಕ ತೆಗೆದಿಟ್ಟು, ಒಳ್ಳೆಯ ಬೆಳಕಿನಲ್ಲಿ ಆ ತೂತನ್ನು ಕಣ್ಣಿಗೆ ತಾಗುವಂತೆ ಹಿಡಿದು ಈ ಪತ್ರಿಕೆಯನ್ನೇ ಓದಿ. ಬರಿಗಣ್ಣಿಗೆ ಮಸುಕಾಗಿದ್ದ ಅಕ್ಷರ ತಿಳಿಯಾಗಿ ಕಾಣುವುದು. ಸಣ್ಣ ತೂತಿನ ಮೂಲಕ ಬರುವ ಬೆಳಕಿನ ಕಿರಣಗಳು ಹೆಚ್ಚು ಹರಡದಿರುವುದರಿಂದ ಹತ್ತಿರದ್ದೂ ದೂರದ್ದೂ ಒಂದಿಷ್ಟು ಒಟ್ಟಿಗೇ ಸ್ಪಷ್ಟವಾಗುತ್ತವೆ. ತೂತಿನ ಸೈಟಿನ ಗುಟ್ಟು ಇಷ್ಟೇ.

ಖರ್ಚಿಲ್ಲದ ಕೆಲಸ ಮೊದಲು

ಹಣ ಖರ್ಚು ಮಾಡುವ ಮೊದಲು ಮೂರು ಕೆಲಸ ಮಾಡಿ ನೋಡಬೇಕು. ಒಂದು, ಸೈಟಿನ ತಿರುಪುಗಳು ಅಲುಗಾಡುತ್ತವೆಯೇ, ಮೊನೆ ಓರೆಯಾಗಿದೆಯೇ ಎಂದು ನೋಡುವುದು. ಗೌಡರ ಕೋವಿಯಲ್ಲಿ ಹಿಂದಿನ ಕಚ್ಚು ಬೆರಳಿಗೇ ಅಲುಗಾಡುತ್ತಿತ್ತು. ಎರಡು, ತೇದು ಹೊಳೆಯುವ ಮೊನೆಗೆ ಹರಳೆಣ್ಣೆ ದೀಪದ ಮಸಿ ಹಿಡಿಸುವುದು. ಹೊಳೆಯುವ ಮೊನೆಯ ಒಂದು ಮಗ್ಗುಲಿಗೆ ಬಿಸಿಲು ಬಿದ್ದರೆ ಕಣ್ಣು ಆ ಮಗ್ಗುಲನ್ನೇ ಮೊನೆಯೆಂದು ತಿಳಿದು ಮೋಸಹೋಗುತ್ತದೆ; ಕಪ್ಪು ಮೊನೆ ಮೋಸ ಮಾಡದು. ಮೂರು, ಕಣ್ಣಿನ ವೈದ್ಯರಲ್ಲಿಗೆ ಹೋಗುವುದು. ಹೋಗುವಾಗ ಕೋವಿ ಒಯ್ಯಬೇಡಿ! ಕಣ್ಣಿನಿಂದ ಮುಂದಿನ ಮೊನೆಗೆ ಎಷ್ಟು ದೂರವೆಂದು ಒಂದು ದಾರದಲ್ಲಿ ಅಳೆದು ಗಂಟು ಹಾಕಿ, ಆ ದಾರವನ್ನು ಒಯ್ದು, “ಇಷ್ಟು ದೂರದ ವಸ್ತು ಸ್ಪಷ್ಟವಾಗಿ ಕಾಣಬೇಕು” ಎಂದು ಹೇಳಿ. ಓದುವ ಕನ್ನಡಕ ಇದಕ್ಕೆ ಸಲ್ಲದು, ದೂರದ ಕನ್ನಡಕವೂ ಸಲ್ಲದು. ನಡುವಿನದು ಬೇಕು. ಗುರಿ ಸ್ವಲ್ಪ ಮಸುಕಾಗಿದ್ದರೂ ಚಿಂತೆಯಿಲ್ಲ, ಮೊನೆ ಮಾತ್ರ ಸೂಜಿಯಂತೆ ಕಾಣಬೇಕು.

ನಾಲ್ಕು ಬಗೆಯ ಸೈಟುಗಳು

ಕಚ್ಚಿನ ಸೈಟು: ಕೋವಿಯೊಡನೆ ಬರುವುದು ಇದೇ. ಗಟ್ಟಿ, ಕೆಡುವುದು ಕಡಿಮೆ, ಮಳೆಗೆ ಜಗ್ಗದು. ಎಳೆಯ ಕಣ್ಣಿಗೆ ಇದೇ ಸಾಕು. ಕಲಿಯುವ ಮಕ್ಕಳು ಇದರಲ್ಲೇ ಆರಂಭಿಸಬೇಕು. ಮೊದಲೇ ದುರ್ಬೀನು ಕೊಟ್ಟರೆ ಉಸಿರು, ಕೈ, ಟ್ರಿಗರಿನ ಮೇಲಿನ ಬೆರಳು ಈ ಮೂರರ ಹದ ಕಲಿಯುವುದಿಲ್ಲ.

ತೂತಿನ ಸೈಟು: ಕೋವಿಯ ಹಿಂಭಾಗದಲ್ಲಿ, ಕಣ್ಣಿಗೆ ಹತ್ತಿರವಾಗಿ ಕೂರುವ ಸಣ್ಣ ತಟ್ಟೆ, ನಡುವೆ ತೂತು. ಇದರಿಂದ ಎರಡು ಲಾಭ. ತೂತಿನ ನಡು ಯಾವುದೆಂದು ಹುಡುಕಬೇಕಿಲ್ಲ, ಕಣ್ಣು ತಾನಾಗಿ ಬೆಳಕು ಹೆಚ್ಚಿರುವ ನಡುವಿಗೆ ಹೋಗುತ್ತದೆ. ನಾವು ಮೊನೆಯನ್ನಷ್ಟೇ ನೋಡಿದರಾಯಿತು. ಇನ್ನೊಂದು, ಕಚ್ಚು ಹಿಂದಕ್ಕೆ ಬಂದಂತಾಗಿ ಅಂತರ ಬೆಳೆಯುತ್ತದೆ. ಗೌಡರ ಕೋವಿಯಲ್ಲಿ 12 ಅಂಗುಲದ ಅಂತರ 20 ಅಂಗುಲವಾಯಿತು. ಗಿಡ್ಡ ಕೋವಿ ಇದ್ದಲ್ಲೇ ಉದ್ದವಾದಂತೆ! ಇದರ ಕುಂದು ಒಂದೇ: ತೂತು ಸಣ್ಣದಾದಷ್ಟೂ ಬೆಳಕು ಕಡಿಮೆ. ಉದಕಮಂಡಲದ ಮಂಜಿನಲ್ಲಿ, ಮುಸ್ಸಂಜೆಯಲ್ಲಿ ಕತ್ತಲಾಗುತ್ತದೆ. ತೂತಿನ ತಟ್ಟೆ ಬದಲಿಸುವಂಥದ್ದನ್ನು ಕೊಂಡರೆ ಮಂಜಿನ ದಿನಕ್ಕೆ ದೊಡ್ಡ ತೂತು ಹಾಕಬಹುದು.

ಇದು ಬಡವರ ಸೈಟೆಂದು ಹೀಗಳೆಯಬಾರದು. ಒಲಿಂಪಿಕ್ ಪಂದ್ಯದ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಎಲ್ಲರೂ ಹೊಡೆಯುವುದು .22 ಕೋವಿಯಲ್ಲೇ, ತೂತಿನ ಸೈಟಿನಲ್ಲೇ. ಅಲ್ಲಿ ದುರ್ಬೀನಿಗೆ ಅವಕಾಶವಿಲ್ಲ. ಗುರಿಯ ನಟ್ಟನಡುವಿನ ವೃತ್ತದ ಅಗಲ 10.4 ಮಿಲಿಮೀಟರು. 2024ರಲ್ಲಿ ಪ್ಯಾರಿಸಿನಲ್ಲಿ ನಮ್ಮ ಗಡಿಗೆ ತಾಗಿದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆಯವರು ಮೂರು ಭಂಗಿಗಳ ಈ ಸ್ಪರ್ಧೆಯಲ್ಲಿ ಕಂಚಿನ ಪದಕ ಗೆದ್ದದ್ದು ಇಂಥ ತೂತಿನ ಮೂಲಕ ನೋಡಿಯೇ.

ಕೆಂಪು ಚುಕ್ಕಿಯ ಸೈಟು: ಸಣ್ಣ ಗಾಜಿನ ಮೇಲೆ ಬ್ಯಾಟರಿಯ ಬಲದಿಂದ ಒಂದು ಕೆಂಪು ಚುಕ್ಕಿ ಕಾಣುತ್ತದೆ. ಚುಕ್ಕಿಯೂ ಗುರಿಯೂ ಒಂದೇ ದೂರದಲ್ಲಿರುವಂತೆ ತೋರುವುದರಿಂದ ನಲವತ್ತು ದಾಟಿದ ಕಣ್ಣಿಗೆ ಹಿತ. ಹಗುರವಾಗಿದ್ದು ಗಿಡ್ಡ ಕೋವಿಗೆ ಒಪ್ಪುತ್ತದೆ. ಆದರೆ ದೂರದ್ದನ್ನು ದೊಡ್ಡದು ಮಾಡಿ ತೋರಿಸುವುದಿಲ್ಲ. ಬ್ಯಾಟರಿ ಮುಗಿದರೆ ಕೆಲಸವೂ ಮುಗಿಯಿತು. ಚುಕ್ಕಿ ದಪ್ಪವಾದರೆ 50 ಗಜದಲ್ಲಿ ಸಣ್ಣ ಗುರಿಯನ್ನೇ ಮುಚ್ಚಿಬಿಡುತ್ತದೆ. ಕಣ್ಣಿನ ಕಾರ್ನಿಯಾ ಓರೆಯಾಗಿ ಬಾಗಿದ ದೋಷವುಳ್ಳವರಿಗೆ ಚುಕ್ಕಿ ಬಾಲ ಬಂದಂತೆ ಕಾಣುವುದುಂಟು. ಕೊಳ್ಳುವ ಮೊದಲು ಕಣ್ಣಿಟ್ಟು ನೋಡಬೇಕು.

ದುರ್ಬೀನು: ಎಲ್ಲರಿಗೂ ಆಸೆ ಇದರ ಮೇಲೆಯೇ. ಕೊಳ್ಳುವುದಾದರೆ ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವುದು .22ಕ್ಕೆ ಧಾರಾಳ. ಡಬ್ಬಿಯ ಮೇಲೆ 4×32 ಎಂದಿದ್ದರೆ 32 ಎಂಬುದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 32ನ್ನು 4ರಿಂದ ಭಾಗಿಸಿದರೆ 8. ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಅಷ್ಟು. ಅದೇ ಗಾಜಿನಲ್ಲಿ 9 ಪಟ್ಟು ಮಾಡಿದರೆ ಮೂರೂವರೆಗೆ ಇಳಿದು ಚಿತ್ರ ಕಪ್ಪಾಗುತ್ತದೆ, ಕೈಯ ನಡುಕವೂ 9 ಪಟ್ಟು ಕಾಣುತ್ತದೆ. ದೊಡ್ಡ ಕೋವಿಗಳ ದುರ್ಬೀನನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. ರಿಮ್‌ಫೈರಿಗೆಂದೇ ಮಾಡಿದ್ದನ್ನು 50 ಗಜಕ್ಕೆ. ಎರಡನೆಯದನ್ನೇ ಕೇಳಿ ಕೊಳ್ಳಬೇಕು. ಇಲ್ಲವಾದರೆ ಕಣ್ಣು ತುಸು ಸರಿದರೂ ಗುರಿ ಸರಿದಂತೆ ಕಾಣುತ್ತದೆ. ನಮ್ಮ ಚಳಿಗೆ ಒಳಗಡೆ ಮಂಜು ಕಟ್ಟದಂತೆ ನೈಟ್ರೋಜನ್ ತುಂಬಿ ಮುಚ್ಚಿದ್ದಾಗಿರಲಿ. ಸ್ಪ್ರಿಂಗಿನ ಏರ್‌ಗನ್ನಿಗೆ ಹಾಕುವುದಾದರೆ ಅದಕ್ಕೆಂದೇ ಮಾಡಿದ್ದು ಬೇಕು. ಆ ಏರ್‌ಗನ್ನು ಹಿಂದಕ್ಕೂ ಮುಂದಕ್ಕೂ ಎರಡು ಸಲ ಕುಲುಕುವುದರಿಂದ ಸಾಧಾರಣ ದುರ್ಬೀನಿನ ಒಳಗಾಜು ಸಡಿಲವಾಗುತ್ತದೆ.

ಆ ಸಂಜೆ ನಡೆದದ್ದು

ಗೌಡರು ನನ್ನ ಮಾತು ಮುಗಿಯುವುದಕ್ಕೆ ಕಾಯಲಿಲ್ಲ. ಮುಂದಿನ ವಾರವೇ ದುರ್ಬೀನು ಕೋವಿಯ ಮೇಲೆ ಕೂತಿತ್ತು. ನೋಡಲು ಬನ್ನಿ ಎಂದರು, ಹೋದೆ. ಜಗಲಿಯಲ್ಲಿ ಕೂತು ಕಾಫಿ ಕುಡಿಯುವಾಗ ಹೊತ್ತು ಮುಳುಗುತ್ತಿತ್ತು. ಅವರೆ ಹೊಲದ ಅಂಚಿನ ಲಂಟಾನದ ಮೆಳೆ ಅಲುಗಾಡಿತು. “ಏನೋ ಬಂತು, ನೋಡೋಣ” ಎಂದು ಅವರು ಒಳಗಿನಿಂದ ಕೋವಿ ತಂದು ಭುಜಕ್ಕಿಟ್ಟು ದುರ್ಬೀನಿನಲ್ಲಿ ನೋಡಿದರು. ತೋಟಾ ಇರಲಿಲ್ಲ, ಕೋವಿ ತೆರೆದೇ ಇತ್ತು, ನಾನೇ ನೋಡಿದ್ದೆ. ಆದರೂ ಮರುಗಳಿಗೆಯಲ್ಲಿ ಅವರ ಮುಖ ಬಿಳಿಚಿಕೊಂಡಿತು. ದುರ್ಬೀನಿನ ಕೂದಲುಗೆರೆಯ ನಡುವೆ ಕಂಡದ್ದು ಪಕ್ಕದ ಮನೆಯ ಮುದುಕಮ್ಮ. ಸೌದೆ ಆಯುತ್ತಿದ್ದಳು.

ಕೋವಿಯನ್ನು ಕೆಳಗಿಟ್ಟು ಗೌಡರು ಬಹಳ ಹೊತ್ತು ಮಾತಾಡಲಿಲ್ಲ. “ತೋಟಾ ಇದ್ದಿದ್ದರೆ?” ಎಂದು ನಾನೂ ಕೇಳಲಿಲ್ಲ. ಆ ರಾತ್ರಿಯೇ ದುರ್ಬೀನನ್ನು ಬಿಚ್ಚಿದರು.

ತಪ್ಪು ದುರ್ಬೀನಿನದಲ್ಲ. ಆದರೆ ಇದನ್ನು ಪ್ರತಿಯೊಬ್ಬರೂ ಮನಸ್ಸಿನಲ್ಲಿಡತಕ್ಕದ್ದು: ಕೋವಿಯ ಮೇಲಿನ ದುರ್ಬೀನು ನೋಡಿದ ಕಡೆಗೆಲ್ಲ ನಳಿಗೆಯೂ ನೋಡುತ್ತದೆ. ಏನೆಂದು ತಿಳಿಯಲು ನೋಡುವುದಿದ್ದರೆ ಕೈದುರ್ಬೀನು ಬೇರೆ ಇರಲಿ. ಏನೆಂದು ತಿಳಿದ ಮೇಲೆ ಮಾತ್ರ ಕೋವಿಯ ಮಾತು.

ಸೈಟು ತಿದ್ದುವ ಕ್ರಮ

ಗೌಡರು ಕೊನೆಗೆ ತೂತಿನ ಸೈಟು ಹಾಕಿಸಿದರು. ಕೋವಿಗೆ ತೂತು ಕೊರೆಯುವುದು, ತಿರುಪು ಕೂರಿಸುವುದು ಲೈಸೆನ್ಸುಳ್ಳ ಬಂದೂಕು ರಿಪೇರಿಯವರ ಕೆಲಸ. ಊರ ಕಮ್ಮಾರನಲ್ಲಿ ಮಾಡಿಸಿದರೆ ಇಬ್ಬರಿಗೂ ತೊಂದರೆ. ಆಮೇಲೆ ಸಂಘದ ಮೈದಾನದಲ್ಲಿ, ಎತ್ತರದ ಮಣ್ಣಿನ ದಿಬ್ಬಕ್ಕೆ ಕಾಗದ ಕಟ್ಟಿ, 25 ಗಜದಲ್ಲಿ ತಿದ್ದಿದೆವು. ಅವರು ಹೊಡೆದರು, ನಾನು ಅಳತೆಪಟ್ಟಿ ಹಿಡಿದು ಲೆಕ್ಕ ಬರೆದೆ.

ಮರಳಿನ ಚೀಲದ ಮೇಲೆ ಕೋವಿಯ ಮುಂಭಾಗದ ಮರವನ್ನು ಊರಿ ಐದು ಗುಂಡು ಹೊಡೆಯಬೇಕು. ಒಂದೊಂದು ಗುಂಡಿಗೂ ಸೈಟು ತಿರುಗಿಸುತ್ತ ಕೂರಬಾರದು. ಐದರ ಗುಂಪಿನ ನಡುವನ್ನು ಅಳೆಯಬೇಕು. ಹಿಂದಿನ ಸೈಟನ್ನು ಗುಂಡು ಹೋಗಬೇಕಾದ ಕಡೆಗೇ ಸರಿಸಬೇಕು. ಮುಂದಿನ ಮೊನೆಯಾದರೆ ಅದಕ್ಕೆ ವಿರುದ್ಧ. ಎಷ್ಟು ಸರಿಸಬೇಕು? ತಪ್ಪನ್ನು ಸೈಟುಗಳ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಬೇಕು. ನಮ್ಮ ಗುಂಪು 2 ಅಂಗುಲ ಎಡಕ್ಕೆ ಬಿದ್ದಿತ್ತು. ಅಂತರ 20 ಅಂಗುಲ, ದೂರ 25 ಗಜ, ಎಂದರೆ 900 ಅಂಗುಲ. 2ನ್ನು 20ರಿಂದ ಗುಣಿಸಿ 900ರಿಂದ ಭಾಗಿಸಿದರೆ ಅಂಗುಲದ ಇಪ್ಪತ್ತಮೂರನೆಯ ಒಂದು ಪಾಲು, ಸುಮಾರು 1 ಮಿಲಿಮೀಟರು. ಬಲಕ್ಕೆ ಅಷ್ಟು ಸರಿಸಿದೆವು. ಮುಂದಿನ ಐದು ಗುಂಡುಗಳೂ ಒಂದು ನಿಂಬೆಹಣ್ಣಿನ ಅಗಲದಲ್ಲಿ, ಕಪ್ಪು ವೃತ್ತದೊಳಗೇ ಬಿದ್ದವು. ಗೌಡರು ಆ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು.

ತೋಟಾದ ಕಂಪನಿ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಆಗ ಮತ್ತೆ ತಿದ್ದಬೇಕು. 50 ಗಜಕ್ಕೆ ಸರಿಮಾಡಿದ ಕೋವಿಯ ಗುಂಡು 100 ಗಜದಲ್ಲಿ ಸುಮಾರು ಮುಕ್ಕಾಲು ಗೇಣು ಕೆಳಗೆ ಬೀಳುತ್ತದೆ. ದುರ್ಬೀನು ಹಾಕಿದವರು ಇನ್ನೊಂದನ್ನು ಗಮನಿಸಬೇಕು: ದುರ್ಬೀನು ನಳಿಗೆಗಿಂತ ಸುಮಾರು ಒಂದೂವರೆ ಅಂಗುಲ ಮೇಲಿರುತ್ತದೆ. ದುರ್ಬೀನಿಗೆ ದಾರಿ ತೆರವಾಗಿ ಕಂಡರೂ ನಳಿಗೆಯ ಮುಂದೆ ಕಲ್ಲೋ ಬೇಲಿಗೂಟವೋ ಇರಬಹುದು.

ಕಡೆಯ ಮಾತು

.22ರ ಗುಂಡು ಸಣ್ಣದೆಂದು ಸದರ ಮಾಡಬಾರದು. ತಡೆಯಿಲ್ಲದಿದ್ದರೆ ಅದು ಒಂದು ಮೈಲಿಗೂ ಮೀರಿ ಹೋಗಬಲ್ಲದು. ನಮ್ಮದು ಬೆಟ್ಟದ ನಾಡು. ಮೇಲಿನ ಟೀ ತೋಟದಲ್ಲಿ ತಪ್ಪಿದ ಗುಂಡು ಕೆಳಗಿನ ಹಟ್ಟಿಯ ಅಂಗಳದಲ್ಲಿ ಬೀಳುತ್ತದೆ. ಬಂಡೆಗೂ ನೀರಿಗೂ ತಾಗಿದ ಗುಂಡು ಎತ್ತ ಚಿಮ್ಮುವುದೆಂದು ಹೇಳಲಾಗದು. ಹಿಂದೆ ಮಣ್ಣಿನ ದಿಬ್ಬವಿಲ್ಲದ ಕಡೆ ಗುರಿಯೇ ಬೇಡ. ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೀಗ. ಬೀಗದ ಕೈ ಮಕ್ಕಳಿಗೆ ತಿಳಿಯದ ಕಡೆ. ಅನುಮಾನ ಬಂದರೆ ಕಲೆಕ್ಟರ ಕಚೇರಿಯಲ್ಲಿ ಕೇಳಿ, ನೆರೆಯವರ ಮಾತು ನಂಬಬೇಡಿ.

ಒಟ್ಟಿನಲ್ಲಿ ನನ್ನ ಸಲಹೆ ಇಷ್ಟು: ಮೂವತ್ತರೊಳಗಿನವರಿಗೆ ಕಚ್ಚಿನ ಸೈಟು, ನಲವತ್ತು ದಾಟಿದವರಿಗೆ ತೂತಿನ ಸೈಟು, ತೂತಿನದೂ ಕಾಣದವರಿಗೆ ಕೆಂಪು ಚುಕ್ಕಿ ಇಲ್ಲವೇ ಸಣ್ಣ ದುರ್ಬೀನು. ಇವೆಲ್ಲಕ್ಕೂ ಮೊದಲು ಮಸಿ, ತಿರುಪು, ಕನ್ನಡಕ.

ಮೊನ್ನೆ ಸಂತೆಯಲ್ಲಿ ಗೌಡರು ಸಿಕ್ಕಿದ್ದರು. ಬಿಚ್ಚಿದ ದುರ್ಬೀನನ್ನು ಅಂಗಡಿಗೆ ಹಿಂದಿರುಗಿಸಿ, ಆ ಹಣದಲ್ಲಿ ಒಂದು ಕೈದುರ್ಬೀನು ಕೊಂಡಿದ್ದಾರಂತೆ. “ಈಗ ಮೆಳೆ ಅಲುಗಾಡಿದರೆ ಅದರಲ್ಲಿ ನೋಡ್ತೀನಿ ಮೇಷ್ಟ್ರೇ. ಮುದುಕಮ್ಮ ಕಂಡರೆ ಕೂಗಿ ಕಾಫಿಗೆ ಕರೀತೀನಿ” ಎಂದು ನಕ್ಕರು.